ಹ್ಯಾಕಿಂಟಾಷ್‌ಗೆ ಅಪ್‌ಡೇಟ್ ಹಾಕಿದ ಮೇಲೆ ಕೈಕೊಟ್ಟರೆ: ತಪ್ಪು ಯಾವ ಪದರದಲ್ಲಿದೆ?

ಆಪಲ್‌ನ ಮ್ಯಾಕ್‌ಒಎಸ್ ಓಡಿಸುವ ಸಾಮಾನ್ಯ ಪಿಸಿಗೆ ಹ್ಯಾಕಿಂಟಾಷ್ ಅನ್ನುತ್ತಾರೆ. ಅದರಲ್ಲಿ ‘ಅಪ್‌ಡೇಟ್’ ಎಂಬ ಒಂದೇ ಮಾತಿಗೆ ಮೂರು ಬೇರೆ ಬೇರೆ ಅರ್ಥಗಳಿವೆ. ಮದರ್‌ಬೋರ್ಡ್‌ನ ಬಯೋಸ್ (ಬೋರ್ಡ್‌ನ ಚಿಪ್‌ನಲ್ಲಿದ್ದು ಯಂತ್ರವನ್ನು ಮೊದಲು ಎಬ್ಬಿಸುವ ತಂತ್ರಾಂಶ) ಅಪ್‌ಡೇಟ್ ಒಂದು. ಪಿಸಿಯಲ್ಲಿ ಮ್ಯಾಕ್‌ಒಎಸ್ ಬೂಟ್ ಮಾಡಿಸುವ ಓಪನ್‌ಕೋರ್ ಮತ್ತು ಅದರ ಜೊತೆಗಿನ ಕೆಕ್ಸ್ಟ್‌ಗಳ (ಡ್ರೈವರ್‌ನಂಥ ಫೈಲುಗಳ) ಅಪ್‌ಡೇಟ್ ಇನ್ನೊಂದು. ಆಪಲ್ ಕಳಿಸುವ ಮ್ಯಾಕ್‌ಒಎಸ್ ಅಪ್‌ಡೇಟ್ ಮೂರನೆಯದು. ಯಂತ್ರ ಬೂಟ್ ಆಗುತ್ತಿಲ್ಲ ಅಂತ ಯಾರಾದರೂ ಫೋನ್ ಮಾಡಿದರೆ ನಾನು ಮೊದಲು ಕೇಳುವುದು ಇದನ್ನೇ: ಮೂರರಲ್ಲಿ ಯಾವುದನ್ನು ಮುಟ್ಟಿದಿರಿ? ಎಷ್ಟೋ ಸಲ ಬರುವ ಉತ್ತರ, ‘ಮೂರನ್ನೂ, ಒಂದೇ ರಾತ್ರಿ.’ ಅಲ್ಲಿಗೆ ಹುಡುಕಾಟ ಬಹಳ ಕಷ್ಟವಾಯಿತು ಅಂತಲೇ ಲೆಕ್ಕ. ಯಾಕೆಂದರೆ ಒಂದು ಪದರದ ತಪ್ಪು ಇನ್ನೊಂದು ಪದರದ ತಪ್ಪಿನಂತೆಯೇ ಕಾಣುತ್ತದೆ. ಪರದೆ ಕಪ್ಪಾಗಿದೆ, ಅಷ್ಟೇ.

ಹಾಗಾಗಿ ಈ ಲೇಖನದಲ್ಲಿ ನಾನು ಹೇಳಬೇಕಾದದ್ದು ಮುಖ್ಯವಾಗಿ ಒಂದೇ. ಒಂದು ಸಲಕ್ಕೆ ಒಂದೇ ಪದರ ಮುಟ್ಟಿ. ಮುಟ್ಟಿದ ಮೇಲೆ ಒಂದೆರಡು ದಿನ ಬಳಸಿ ನೋಡಿ. ಆಮೇಲೆ ಮುಂದಿನದು. ಇದು ಯಾಕೆ ಅಷ್ಟು ಮುಖ್ಯ ಅಂತ ತಿಳಿಯಲು ಈ ಪದರಗಳು ಒಂದಕ್ಕೊಂದು ಹೇಗೆ ಅಂಟಿಕೊಂಡಿವೆ ಅಂತ ನೋಡಬೇಕು.

ಆಪಲ್ 2005ರಲ್ಲಿ ಇಂಟೆಲ್ ಪ್ರೊಸೆಸರ್‌ಗೆ ಹೋಗುತ್ತೇವೆ ಅಂತ ಘೋಷಿಸಿತು. 2006ರ ಜನವರಿಯಲ್ಲಿ ಮೊದಲ ಇಂಟೆಲ್ ಮ್ಯಾಕ್‌ಗಳು ಬಂದವು. ಅಂದಿನಿಂದ ಮ್ಯಾಕ್ ಒಳಗಿರುವ ಪ್ರೊಸೆಸರ್ ಜಾತಿಯದ್ದೇ ನಮ್ಮ ಎಸ್.ಪಿ. ರೋಡ್ ಅಂಗಡಿಗಳಲ್ಲೂ ಸಿಗುವಂತಾಯಿತು. ಆದರೆ ಪ್ರೊಸೆಸರ್ ಒಂದೇ ಆದ ಮಾತ್ರಕ್ಕೆ ಪಿಸಿ ಮ್ಯಾಕ್ ಆಗುವುದಿಲ್ಲ. ಮ್ಯಾಕ್‌ಒಎಸ್ ಬೂಟ್ ಆಗುವಾಗ ಸಾಲಾಗಿ ಪ್ರಶ್ನೆ ಕೇಳುತ್ತದೆ. ನೀನು ಯಾವ ಮಾಡೆಲ್? ಪವರ್, ಫ್ಯಾನ್ ನೋಡಿಕೊಳ್ಳುವ ನಿನ್ನ ಎಸ್‌ಎಂಸಿ ಚಿಪ್ ಎಲ್ಲಿ? ನಿನ್ನ ಆಡಿಯೋ ಚಿಪ್ ಯಾವುದು? ಈ ಪ್ರಶ್ನೆಗಳಿಗೆ ಉತ್ತರ ಕೊಡುವುದು ಓಪನ್‌ಕೋರ್ ಎಂಬ ಬೂಟ್‌ಲೋಡರ್. ಮಾಡೆಲ್ ಯಾವುದು ಎಂಬುದಕ್ಕೆ ಅದು ಎಸ್‌ಎಂಬಯೋಸ್ ಎಂಬ ಗುರುತಿನ ಚೀಟಿ ತೋರಿಸುತ್ತದೆ. ಎಸ್‌ಎಂಸಿ ಚಿಪ್‌ನ ಪರವಾಗಿ ವರ್ಚುವಲ್‌ಎಸ್‌ಎಂಸಿ ಎಂಬ ಕೆಕ್ಸ್ಟ್ ಮಾತಾಡುತ್ತದೆ. ಗ್ರಾಫಿಕ್ಸ್‌ಗೆ ವಾಟೆವರ್‌ಗ್ರೀನ್, ಆಡಿಯೋಗೆ ಆಪಲ್‌ಎಎಲ್‌ಸಿ. ಇವೆಲ್ಲಕ್ಕೂ ಬುನಾದಿ ಲಿಲು.

ದಿನನಿತ್ಯದ ಬೂಟ್‌ನಲ್ಲಿ ಈ ಉತ್ತರಗಳು ಸಾಕಾಗುತ್ತವೆ. ಅಪ್‌ಡೇಟ್ ದಿನ ಮಾತ್ರ ಪ್ರಶ್ನೆಗಳು ಬದಲಾಗುತ್ತವೆ. ಪ್ರಶ್ನೆ ಕೇಳುವವರೂ ಜಾಸ್ತಿಯಾಗುತ್ತಾರೆ. ಆಪಲ್‌ನ ಸರ್ವರ್ ಕೂಡ ಕೇಳುತ್ತದೆ, ಇನ್‌ಸ್ಟಾಲರ್ ಕೂಡ ಕೇಳುತ್ತದೆ, ಹೊಸ ಕರ್ನಲ್ (ಮ್ಯಾಕ್‌ಒಎಸ್‌ನ ತಿರುಳು) ಹೊಸದಾಗಿ ಕೇಳುತ್ತದೆ. ತಿಂಗಳುಗಟ್ಟಲೆ ಚೆನ್ನಾಗಿ ಓಡಿದ ಯಂತ್ರ ಅಪ್‌ಡೇಟ್‌ನಲ್ಲೇ ಎಡವುವುದು ಇದಕ್ಕೇ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಆಪಲ್‌ನ ಲೈಸೆನ್ಸ್ ಪ್ರಕಾರ ಮ್ಯಾಕ್‌ಒಎಸ್ ಓಡಬೇಕಾದದ್ದು ಆಪಲ್ ಬ್ರ್ಯಾಂಡ್‌ನ ಕಂಪ್ಯೂಟರ್‌ನಲ್ಲಿ ಮಾತ್ರ. ಅಂದರೆ ಏನಾದರೂ ಕೆಟ್ಟರೆ ಹೋಗಿ ಕೇಳಲು ಸರ್ವಿಸ್ ಸೆಂಟರ್ ಇಲ್ಲ. ದುಡಿಮೆಗೆ ನೆಚ್ಚಿಕೊಂಡ ಒಂದೇ ಒಂದು ಕಂಪ್ಯೂಟರ್ ಇದಾಗಿದ್ದರೆ ಎರಡು ಸಲ ಯೋಚಿಸಿ.

ಬಯೋಸ್: ಎಲ್ಲದಕ್ಕಿಂತ ಕೆಳಗಿನ ಪದರ

ಬಯೋಸ್ ಅಪ್‌ಡೇಟ್ ಬೇಕೇ ಬೇಕಾ? ಬಹಳ ಸಲ ಬೇಡ. ಯಂತ್ರ ಸ್ಥಿರವಾಗಿ ಓಡುತ್ತಿದ್ದರೆ ‘ಹೊಸದು ಬಂದಿದೆ’ ಎಂಬ ಕಾರಣಕ್ಕೆ ಬಯೋಸ್ ಫ್ಲ್ಯಾಶ್ ಮಾಡಬೇಡಿ, ಅಂದರೆ ಚಿಪ್‌ಗೆ ಹೊಸದನ್ನು ಬರೆಯಬೇಡಿ. ಆದರೆ ಬೇಕಾಗುವ ಸಂದರ್ಭವೂ ಇದೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ಜಾಸ್ತಿಯಾಗಿ ಚಿಪ್ಪೇ ಹಾಳಾಗುವ ತೊಂದರೆ ಕಂಡುಬಂತು. ಅದಕ್ಕೆ 2024ರ ಆಗಸ್ಟ್‌ನಿಂದ ಹೊಸ ಮೈಕ್ರೋಕೋಡ್ (ಪ್ರೊಸೆಸರ್ ಒಳಗಿನ ಸೂಚನೆಗಳ ತಿದ್ದುಪಡಿ) ಬಂತು. ಅದು ಬರುವುದು ಬಯೋಸ್ ಅಪ್‌ಡೇಟ್ ಮೂಲಕ. ಅಂಥ ಪ್ರೊಸೆಸರ್ ಇದ್ದರೆ ತಡ ಮಾಡಬೇಡಿ, ಹ್ಯಾಕಿಂಟಾಷ್ ಸ್ವಲ್ಪ ದಿನ ನಿಂತರೂ ಪರವಾಗಿಲ್ಲ.

ಫ್ಲ್ಯಾಶ್ ಮಾಡುವಾಗ ಯುಪಿಎಸ್ ಇರಲಿ. ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತೆ ಅಂತ ಹೇಳಲು ಬರುವುದಿಲ್ಲ ಅಲ್ವಾ? ಬರೆಯುವ ಮಧ್ಯದಲ್ಲಿ ಕರೆಂಟ್ ಹೋದರೆ ಬೋರ್ಡೇ ಏಳದಿರಬಹುದು.

ಫ್ಲ್ಯಾಶ್ ಆದ ಮೇಲೆ ಬರುವ ತೊಂದರೆಗಳಲ್ಲಿ ದೊಡ್ಡ ಪಾಲಿಗೆ ಕಾರಣ ಹೊಸ ಬಯೋಸ್ ಅಲ್ಲ. ಸೆಟ್ಟಿಂಗ್‌ಗಳೆಲ್ಲ ಫ್ಯಾಕ್ಟರಿ ಸ್ಥಿತಿಗೆ ಮರಳಿರುತ್ತವೆ, ಅದು ಕಾರಣ. ಮೊದಲ ಸಲ ಹ್ಯಾಕಿಂಟಾಷ್ ಕಟ್ಟುವಾಗ ನೀವೇ ಒಂದೊಂದಾಗಿ ಬದಲಿಸಿದ್ದಿರಿ. ಮೂರು ವರ್ಷದ ಮೇಲೆ ಅವು ಯಾವುವು ಅಂತ ನೆನಪಿರುವುದಿಲ್ಲ. ಅದಕ್ಕೇ ಫ್ಲ್ಯಾಶ್‌ಗೆ ಮೊದಲು ಬಯೋಸ್‌ನ ಪ್ರತಿ ಪುಟದ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಬಯೋಸ್‌ನೊಳಗೆ ಉಳಿಸಿಟ್ಟ ಪ್ರೊಫೈಲ್ ಮೇಲೆ ನಂಬಿಕೆ ಇಡಬೇಡಿ. ಹಳೆಯ ಆವೃತ್ತಿಯ ಪ್ರೊಫೈಲನ್ನು ಹೊಸದು ಒಪ್ಪದೇ ಇರಬಹುದು.

ಯಾವುದನ್ನು ಮುಖ್ಯವಾಗಿ ನೋಡಬೇಕು? ಮೊದಲನೆಯದು ಸಿಎಫ್‌ಜಿ ಲಾಕ್. ಇದು ಪ್ರೊಸೆಸರ್‌ನ ಪವರ್ ನೋಡಿಕೊಳ್ಳುವ ಒಂದು ರಿಜಿಸ್ಟರ್‌ಗೆ ಹಾಕಿದ ಬೀಗ. ಮ್ಯಾಕ್‌ಒಎಸ್ ಅಲ್ಲಿ ಬರೆಯಲು ಹೋಗುತ್ತದೆ, ಬೀಗ ಇದ್ದರೆ ಶುರುವಿನಲ್ಲೇ ಬೀಳುತ್ತದೆ. ಬೀಗ ತೆಗೆಯುವ ಆಯ್ಕೆ ನಿಮ್ಮ ಬಯೋಸ್‌ನಲ್ಲಿ ಇಲ್ಲದಿದ್ದರೆ ಓಪನ್‌ಕೋರ್‌ನ ಆಪಲ್‌ಎಕ್ಸ್‌ಸಿಪಿಎಂ ಸಿಎಫ್‌ಜಿ ಲಾಕ್ ಕ್ವಿರ್ಕ್ (ಇಂಥ ಕೊರತೆ ಸರಿದೂಗಿಸುವ ಸೆಟ್ಟಿಂಗ್) ಹಾಕಬೇಕು. ಎರಡನೆಯದು ಅಬೋವ್ 4ಜಿ ಡಿಕೋಡಿಂಗ್, ಅದು ಆನ್ ಇರಬೇಕು. ಆಫ್ ಆಗಿದ್ದರೆ ‘ಪಿಸಿಐ ಕಾನ್ಫಿಗರೇಶನ್ ಬಿಗಿನ್’ ಎಂಬ ಸಾಲಿನಲ್ಲಿ ಯಂತ್ರ ನಿಲ್ಲುವುದುಂಟು. ಸಿಎಸ್‌ಎಂ, ಸೆಕ್ಯೂರ್ ಬೂಟ್, ಫಾಸ್ಟ್ ಬೂಟ್ ಇವು ಆಫ್ ಇರಲಿ. ಡಿಸ್ಕ್ ಮೋಡ್ ಎಎಚ್‌ಸಿಐ ಇರಲಿ.

ಇಷ್ಟೆಲ್ಲ ಸರಿ ಇದ್ದೂ ‘ಎಕ್ಸಿಟ್‌ಬಿಎಸ್ ಸ್ಟಾರ್ಟ್’ ಎಂಬ ಸಾಲಿನಲ್ಲಿ ನಿಂತಿತಾ? ಆಗ ನೋಡಬೇಕಾದದ್ದು ಮೆಮೊರಿ ನಕ್ಷೆಯನ್ನು. ಆ ಸಾಲಿನ ಅರ್ಥ, ಬಯೋಸ್ ತನ್ನ ಅಧಿಕಾರವನ್ನು ಕರ್ನಲ್‌ಗೆ ಒಪ್ಪಿಸುವ ಘಳಿಗೆ. ಯಾವ ಮೆಮೊರಿ ಜಾಗ ಯಾರಿಗೆ ಸೇರಿದ್ದು ಅಂತ ಅಷ್ಟರಲ್ಲಿ ತೀರ್ಮಾನ ಆಗಿರಬೇಕು. ಹೊಸ ಬಯೋಸ್ ಆ ಹಂಚಿಕೆಯನ್ನು ಬದಲಿಸಿರಬಹುದು. ನೀವು ಹಳೆಯ ನಕ್ಷೆ ನೋಡಿ ಕೈಯಾರೆ ಸ್ಲೈಡ್ ಮೌಲ್ಯ (ಕರ್ನಲ್ ಮೆಮೊರಿಯಲ್ಲಿ ಎಲ್ಲಿ ಕೂರಬೇಕು ಎಂಬುದು) ಹಾಕಿದ್ದರೆ, ಅಥವಾ ಎಂಎಂಐಒ (ಯಂತ್ರಾಂಶಕ್ಕೆ ಮೀಸಲಾದ ಮೆಮೊರಿ ಜಾಗಗಳ) ಪಟ್ಟಿ ಬರೆದಿದ್ದರೆ, ಅವು ಈಗ ತಪ್ಪು ಜಾಗ ತೋರಿಸುತ್ತಿರುತ್ತವೆ. ಹೊಸದಾಗಿ ಲೆಕ್ಕ ಹಾಕಬೇಕು. ಇದಕ್ಕೆ ಓಪನ್‌ಕೋರ್‌ನ ಡೀಬಗ್ ಆವೃತ್ತಿ ಬೇಕು, ಅದು ನಕ್ಷೆಯನ್ನು ಲಾಗ್‌ನಲ್ಲಿ ಬರೆದು ಕೊಡುತ್ತದೆ.

ಹಳೆಯ ಕಾಲದವರು ಬೋರ್ಡ್‌ನ ಯಂತ್ರಾಂಶವನ್ನು ವಿವರಿಸುವ ಡಿಎಸ್‌ಡಿಟಿ ಎಂಬ ಕೋಷ್ಟಕವನ್ನೇ ಪೂರ್ತಿ ತೆಗೆದು ತಿದ್ದಿ ಹಾಕುತ್ತಿದ್ದರು. ಅಂಥ ಫೈಲ್ ನಿಮ್ಮ ಎಸಿಪಿಐ ಫೋಲ್ಡರ್‌ನಲ್ಲಿ ಇನ್ನೂ ಇದ್ದರೆ ಬಯೋಸ್ ಅಪ್‌ಡೇಟ್ ದಿನವೇ ಅದನ್ನು ತೆಗೆದುಬಿಡಿ. ಅದರಲ್ಲಿರುವ ಮೆಮೊರಿ ವಿಳಾಸಗಳು ಹಳೆಯ ಬಯೋಸ್‌ಗೆ ಸೇರಿದವು. ಎಸ್‌ಎಸ್‌ಡಿಟಿ ಎಂಬ ಸಣ್ಣ ಸಣ್ಣ ಪೂರಕ ಕೋಷ್ಟಕಗಳಿಂದ ಅದೇ ಕೆಲಸ ಮಾಡಿಸುವುದು ಕ್ಷೇಮ.

ಬಯೋಸ್ ಸುದ್ದಿ ಬಿಡುವ ಮೊದಲು ಒಂದು ವಿಚಿತ್ರ ಲಕ್ಷಣ. ಮ್ಯಾಕ್‌ಒಎಸ್ ಚೆನ್ನಾಗಿಯೇ ಓಡುತ್ತದೆ. ರೀಸ್ಟಾರ್ಟ್ ಮಾಡಿದರೆ ಬೋರ್ಡ್ ‘ಸೆಟ್ಟಿಂಗ್ ರೀಸೆಟ್ ಆಗಿದೆ’ ಅನ್ನುತ್ತದೆ. ಬ್ಯಾಟರಿ ಸೆಲ್ ಹೋಗಿರಬೇಕು ಅಂತ ಸೆಲ್ ಬದಲಿಸುತ್ತೀರಿ. ಮತ್ತೆ ಅದೇ. ಇಲ್ಲಿ ಆಗುವುದು ಬೇರೆ. ಮ್ಯಾಕ್‌ಒಎಸ್‌ನ ಆರ್‌ಟಿಸಿ ಡ್ರೈವರ್ ಗಡಿಯಾರದ ಚಿಪ್‌ನಲ್ಲಿ ತನ್ನ ಚೆಕ್‌ಸಮ್ (ತಾಳೆ ನೋಡುವ ಸಂಖ್ಯೆ) ಬರೆಯುತ್ತದೆ. ನಿಮ್ಮ ಬೋರ್ಡ್ ಅದೇ ಜಾಗವನ್ನು ಬೇರೆ ಕೆಲಸಕ್ಕೆ ಬಳಸುತ್ತಿದ್ದರೆ ‘ಯಾರೋ ಕೆಡಿಸಿದ್ದಾರೆ’ ಅಂತ ಎಲ್ಲವನ್ನೂ ಮೊದಲಿನ ಸ್ಥಿತಿಗೆ ತರುತ್ತದೆ. ಡಿಸೇಬಲ್ ಆರ್‌ಟಿಸಿ ಚೆಕ್‌ಸಮ್ ಎಂಬ ಕ್ವಿರ್ಕ್ ಇರುವುದು ಇದಕ್ಕಾಗಿಯೇ.

‘ಆಪಲ್ ಅಪ್‌ಡೇಟ್‌ನಲ್ಲಿ ಫರ್ಮ್‌ವೇರ್ ಕೂಡ ಬರುತ್ತಲ್ಲ, ಅದು ನನ್ನ ಬೋರ್ಡನ್ನು ಕೆಡಿಸುವುದಿಲ್ಲವಾ?’ ಅಂತ ತುಂಬಾ ಜನ ಹೆದರುತ್ತಾರೆ. ಮ್ಯಾಕ್‌ಒಎಸ್ ಅಪ್‌ಡೇಟ್ ಜೊತೆ ಅಸಲಿ ಮ್ಯಾಕ್‌ಗಳಿಗಾಗಿ ಫರ್ಮ್‌ವೇರ್ ಬರುವುದು ನಿಜ. ಅದು ಆ ಮಾಡೆಲ್‌ಗಳಿಗೆ ಮಾಡಿದ್ದು, ನಿಮ್ಮ ಬೋರ್ಡ್‌ಗಲ್ಲ. ಅದನ್ನು ಓಡಿಸುವ ಪ್ರಯತ್ನವೇ ಆಗದಂತೆ ಓಪನ್‌ಕೋರ್‌ನಲ್ಲಿ ಎರಡು ತಡೆಗಳಿವೆ. ರನ್ ಇಎಫ್‌ಐ ಅಪ್‌ಡೇಟರ್ ಎಂಬ ಎನ್‌ವಿರ‍್ಯಾಮ್ ಮೌಲ್ಯ ‘ನೋ’ ಅಂತ ಇರಬೇಕು (ಎನ್‌ವಿರ‍್ಯಾಮ್ ಅಂದರೆ ಕರೆಂಟ್ ಆರಿಸಿದರೂ ಉಳಿಯುವ ಸೆಟ್ಟಿಂಗ್‌ಗಳ ಜಾಗ). ಬ್ಲ್ಯಾಕ್‌ಲಿಸ್ಟ್ ಆಪಲ್ ಅಪ್‌ಡೇಟ್ ಆನ್ ಇರಬೇಕು. ಬಿಗ್ ಸರ್ ಎಂಬ ಮ್ಯಾಕ್‌ಒಎಸ್ ಆವೃತ್ತಿಯಿಂದೀಚೆಗೆ ಮೊದಲನೆಯದನ್ನು ಸಿಸ್ಟಂ ಲೆಕ್ಕಿಸದೇ ಇರಬಹುದು, ಅದಕ್ಕೇ ಎರಡನೆಯದೂ ಬೇಕು. ಓಪನ್‌ಕೋರ್ ಜೊತೆ ಬರುವ ಮಾದರಿ ಫೈಲಿನಿಂದ ನೀವು ಶುರು ಮಾಡಿದ್ದರೆ ಎರಡೂ ಬಹುಶಃ ಈಗಾಗಲೇ ಇರುತ್ತವೆ. ಒಮ್ಮೆ ತೆರೆದು ನೋಡಿಬಿಡಿ.

ಓಪನ್‌ಕೋರ್ ಮತ್ತು ಕೆಕ್ಸ್ಟ್‌ಗಳು

ಹೊಸ ಮ್ಯಾಕ್‌ಒಎಸ್ ಹಾಕುವ ಮೊದಲು ಈ ಪದರ ಹೊಸದಾಗಿರಬೇಕು. ಕ್ರಮ ಇದೇ. ಮೊದಲು ಓಪನ್‌ಕೋರ್, ಕೆಕ್ಸ್ಟ್. ಹಳೆಯ ಮ್ಯಾಕ್‌ಒಎಸ್ ಮೇಲೆಯೇ ಒಂದು ವಾರ ಓಡಿಸಿ. ಆಮೇಲೆ ಮ್ಯಾಕ್‌ಒಎಸ್.

ಯಾಕೆಂದರೆ ಲಿಲು ತನಗೆ ಪರಿಚಯವಿಲ್ಲದ ಕರ್ನಲ್ ಕಂಡರೆ ಸುಮ್ಮನೆ ಕೂರುತ್ತದೆ. ಸುರಕ್ಷತೆಗಾಗಿ ಹಾಗೆ ಮಾಡಿದ್ದಾರೆ. ಲಿಲು ಕೂತರೆ ಅದನ್ನು ನೆಚ್ಚಿಕೊಂಡ ಎಲ್ಲವೂ ಕೂರುತ್ತವೆ. ವಾಟೆವರ್‌ಗ್ರೀನ್ ಇಲ್ಲದೆ ಪರದೆ ಕಪ್ಪು. ವರ್ಚುವಲ್‌ಎಸ್‌ಎಂಸಿ ಇಲ್ಲದೆ ಬೂಟೇ ಇಲ್ಲ. ಹೊಸ ಆವೃತ್ತಿಯ ಲಿಲು ಸಿಗುವವರೆಗೆ ಬೂಟ್ ಆರ್ಗ್ಯುಮೆಂಟ್‌ನಲ್ಲಿ (ಬೂಟ್ ಆಗುವಾಗ ಕೊಡುವ ಸೂಚನೆಗಳ ಸಾಲಿನಲ್ಲಿ) ಲಿಲು ಬೀಟಾ ಆಲ್ ಎಂಬುದನ್ನು ಹಾಕಿ ಒತ್ತಾಯ ಮಾಡಬಹುದು. ಅದು ಪರೀಕ್ಷೆಗೆ ಮಾತ್ರ. ದಿನದ ಬಳಕೆಗೆ ಅಲ್ಲ.

ಓಪನ್‌ಕೋರ್ ಫೈಲುಗಳನ್ನು ಬದಲಿಸುವಾಗ ಜನ ಪದೇ ಪದೇ ಮಾಡುವ ತಪ್ಪೊಂದಿದೆ. ಓಪನ್‌ಕೋರ್ ಮುಖ್ಯ ಫೈಲನ್ನು ಮಾತ್ರ ಹಾಕಿ, ಡ್ರೈವರ್ಸ್ ಫೋಲ್ಡರ್‌ನಲ್ಲಿರುವ ಓಪನ್‌ರನ್‌ಟೈಮ್ ಫೈಲನ್ನು ಹಳೆಯದೇ ಬಿಡುವುದು. ಇವೆರಡೂ ಒಂದೇ ಆವೃತ್ತಿಯವಾಗಿರಬೇಕು. ಇಲ್ಲದಿದ್ದರೆ ‘ಇನ್‌ಕಂಪ್ಯಾಟಿಬಲ್ ಓಪನ್‌ರನ್‌ಟೈಮ್’ ಅಂತ ಸಾಲು ಬಂದು ಅಲ್ಲೇ ನಿಲ್ಲುತ್ತದೆ. ಈ ಸಂದೇಶ ಕಂಡರೆ ಖುಷಿಪಡಿ. ಇಷ್ಟು ಸ್ಪಷ್ಟವಾಗಿ ಕಾರಣ ಹೇಳುವ ದೋಷಗಳು ಕಡಿಮೆ.

‘ನೋ ಸ್ಕೀಮಾ’ ಅಂತ ಸಾಲುಗಳು ಬಂದರೆ ಅರ್ಥ, ನಿಮ್ಮ ಕಾನ್ಫಿಗ್ ಪಿಲಿಸ್ಟ್ ಎಂಬ ಸೆಟ್ಟಿಂಗ್ ಫೈಲಿನಲ್ಲಿರುವ ಕೆಲವು ಕೀಗಳನ್ನು ಹೊಸ ಓಪನ್‌ಕೋರ್ ಗುರುತಿಸುತ್ತಿಲ್ಲ. ಆವೃತ್ತಿಯಿಂದ ಆವೃತ್ತಿಗೆ ಕೀಗಳು ಸೇರುತ್ತವೆ, ಹೋಗುತ್ತವೆ. ಓಪನ್‌ಕೋರ್ ಜೊತೆಯಲ್ಲೇ ಓಸಿವ್ಯಾಲಿಡೇಟ್ ಎಂಬ ಸಣ್ಣ ಉಪಕರಣ ಬರುತ್ತದೆ. ರೀಸ್ಟಾರ್ಟ್ ಮಾಡುವ ಮೊದಲು ಅದಕ್ಕೆ ಕಾನ್ಫಿಗ್ ತೋರಿಸಿ. ಯಾವ ಸಾಲಿನಲ್ಲಿ ಏನು ತಪ್ಪು ಅಂತ ಹೇಳುತ್ತದೆ. ಅರ್ಧ ನಿಮಿಷದ ಕೆಲಸ, ಒಂದು ಭಾನುವಾರ ಉಳಿಸುತ್ತದೆ.

ಮತ್ತೆ, ಇದನ್ನೆಲ್ಲ ನೇರವಾಗಿ ಒಳಗಿನ ಡಿಸ್ಕ್‌ನ ಇಎಫ್‌ಐ ಭಾಗದಲ್ಲಿ (ಓಪನ್‌ಕೋರ್ ಇರುವ ಸಣ್ಣ ಪಾರ್ಟಿಶನ್‌ನಲ್ಲಿ) ಮಾಡಬೇಡಿ. ಒಂದು ಪೆನ್‌ಡ್ರೈವನ್ನು ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ, ಹೊಸ ಇಎಫ್‌ಐ ಫೋಲ್ಡರ್ ಅದರಲ್ಲಿ ಹಾಕಿ, ಬೋರ್ಡ್‌ನ ಬೂಟ್ ಮೆನುವಿನಿಂದ ಅದನ್ನು ಆರಿಸಿ ಬೂಟ್ ಮಾಡಿ. ಸರಿ ಹೋದರೆ ಒಳಗೆ ಕಾಪಿ ಮಾಡಿ. ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಈಗ ಓಡುತ್ತಿರುವ ಹಳೆಯ ಇಎಫ್‌ಐ ಇರಲಿ. ಅದರಿಂದಲೂ ಒಮ್ಮೆ ಬೂಟ್ ಮಾಡಿ ನೋಡಿರಿ. ಪರೀಕ್ಷೆ ಮಾಡದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ.

ನನ್ನ ಯಂತ್ರದಲ್ಲಿ ಆದದ್ದು

ಗುರುತಿನ ಚೀಟಿ ಬದಲಿಸಿದರೆ ಏನೇನು ಅಲುಗಾಡುತ್ತದೆ ಅಂತ ನನಗೆ ಅರ್ಥವಾದದ್ದು ನನ್ನದೇ ಯಂತ್ರದಲ್ಲಿ. 9ನೇ ತಲೆಮಾರಿನ ಐ7-9700, ಝಡ್390 ಬೋರ್ಡ್, ಆರ್‌ಎಕ್ಸ್ 580 ಕಾರ್ಡ್. ವರ್ಷಗಟ್ಟಲೆ ಐಮ್ಯಾಕ್19,1 ಎಂಬ ಗುರುತಿನಲ್ಲಿ ಓಡುತ್ತಿತ್ತು. 2025ರಲ್ಲಿ ಆಪಲ್ ಟಾಹೋ ಎಂಬ ಹೊಸ ಮ್ಯಾಕ್‌ಒಎಸ್ ಪ್ರಕಟಿಸಿದಾಗ ಆ ಮಾಡೆಲ್ ಪಟ್ಟಿಯಿಂದ ಹೊರಬಿತ್ತು. ಇಂಟೆಲ್ ಮ್ಯಾಕ್‌ಗಳಲ್ಲಿ ಉಳಿದದ್ದು ನಾಲ್ಕೇ ಬಗೆ: 2019ರ ಮ್ಯಾಕ್ ಪ್ರೊ, 2019ರ 16 ಇಂಚಿನ ಮ್ಯಾಕ್‌ಬುಕ್ ಪ್ರೊ, 2020ರ ನಾಲ್ಕು ಪೋರ್ಟಿನ 13 ಇಂಚಿನ ಮ್ಯಾಕ್‌ಬುಕ್ ಪ್ರೊ, 2020ರ 27 ಇಂಚಿನ ಐಮ್ಯಾಕ್. ಹಾಗಾಗಿ ನಾನು ಗುರುತನ್ನು ಐಮ್ಯಾಕ್20,1ಕ್ಕೆ ಬದಲಿಸಿದೆ. ಮ್ಯಾಕ್‌ಒಎಸ್ ಇನ್ನೂ ಹಿಂದಿನ ಆವೃತ್ತಿ ಸಿಕ್ವೊಯಾವೇ. ಬೂಟ್ ಆಯಿತು. ಎಲ್ಲ ಸರಿ ಇದೆ ಅನ್ನಿಸಿತು.

ಸಂಜೆ ಬ್ಯಾಕಪ್ ಹಾಕಿದೆ. ದಿನಾ ಊಟ ಮುಗಿಸಿ ಬರುವಷ್ಟರಲ್ಲಿ ಮುಗಿಯುತ್ತಿದ್ದ ಕೆಲಸ ಮಲಗುವ ಹೊತ್ತಾದರೂ ಮುಗಿದಿರಲಿಲ್ಲ. ಹೊರಗಿನ ಎಸ್‌ಎಸ್‌ಡಿ ಕೆಟ್ಟಿತು ಅಂದುಕೊಂಡೆ. ಕೇಬಲ್ ಬದಲಿಸಿದೆ. ಪೋರ್ಟ್ ಬದಲಿಸಿದೆ. ಕೊನೆಗೆ ಸಿಸ್ಟಂ ಇನ್ಫರ್ಮೇಶನ್ ತೆರೆದು ಯುಎಸ್‌ಬಿ ಪಟ್ಟಿ ನೋಡಿದರೆ ಆ ಎಸ್‌ಎಸ್‌ಡಿ ಎದುರು ವೇಗ 480 ಎಂಬಿಪಿಎಸ್ ಅಂತ ಇತ್ತು. ಅಂದರೆ ಯುಎಸ್‌ಬಿ 2.0. ನೀಲಿ ಪೋರ್ಟಿನಲ್ಲಿದೆ, 5 ಜಿಬಿಪಿಎಸ್ ಇರಬೇಕಿತ್ತು.

ಕಾರಣ ಹೀಗೆ. ಮ್ಯಾಕ್‌ಒಎಸ್ ಒಂದು ಯುಎಸ್‌ಬಿ ಕಂಟ್ರೋಲರ್‌ನಲ್ಲಿ 15 ಪೋರ್ಟ್‌ಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಝಡ್390 ಚಿಪ್‌ಸೆಟ್‌ನಲ್ಲಿ ಅದಕ್ಕಿಂತ ಜಾಸ್ತಿ ಇವೆ. ಒಂದು ನೀಲಿ ಸಾಕೆಟ್ ಅಂದರೇ ಎರಡು ಪೋರ್ಟ್, ಹಳೆಯ ವೇಗಕ್ಕೆ ಒಂದು, ಹೊಸ ವೇಗಕ್ಕೆ ಒಂದು. ಯಾವ 15 ಬೇಕು ಅಂತ ಆರಿಸಿ ಹೇಳುವುದೇ ಯುಎಸ್‌ಬಿ ಮ್ಯಾಪ್ ಕೆಕ್ಸ್ಟ್. ಆ ಕೆಕ್ಸ್ಟ್‌ನೊಳಗೆ ‘ಮಾಡೆಲ್’ ಅಂತ ಒಂದು ಸಾಲು ಇರುತ್ತದೆ. ನನ್ನದರಲ್ಲಿ ಐಮ್ಯಾಕ್19,1 ಅಂತ ಇತ್ತು. ಯಂತ್ರ ಈಗ ತನ್ನನ್ನು ಐಮ್ಯಾಕ್20,1 ಅನ್ನುತ್ತಿದೆ. ಮ್ಯಾಪ್ ಹೊಂದಲಿಲ್ಲ, ಹಾಗಾಗಿ ಅದು ಕೆಲಸಕ್ಕೇ ಬರಲಿಲ್ಲ. ಮ್ಯಾಕ್‌ಒಎಸ್ ಪಟ್ಟಿಯ ಮೊದಲ 15 ಪೋರ್ಟ್ ತೆಗೆದುಕೊಂಡಿತು. ಹಳೆಯ ವೇಗದ ಪೋರ್ಟ್‌ಗಳು ಮೊದಲು ಬರುತ್ತವೆ. ಹೊಸ ವೇಗದವು ಹೊರಗುಳಿದವು. ಕೀಬೋರ್ಡ್, ಮೌಸ್ ಹಳೆಯ ವೇಗದಲ್ಲೇ ಓಡುವುದರಿಂದ ಏನೂ ಗೊತ್ತಾಗಲಿಲ್ಲ.

ಆ ಒಂದು ಸಾಲು ತಿದ್ದಿ ರೀಸ್ಟಾರ್ಟ್ ಮಾಡಿದೆ. 5 ಜಿಬಿಪಿಎಸ್ ಬಂತು. ಆ ದಿನ ನಾನು ಗುರುತಿನ ಜೊತೆ ಮ್ಯಾಕ್‌ಒಎಸ್ ಕೂಡ ಬದಲಿಸಿದ್ದರೆ? ಟಾಹೋದ ಯುಎಸ್‌ಬಿ ಡ್ರೈವರ್ ಸರಿ ಇಲ್ಲ ಅಂತ ತೀರ್ಮಾನಿಸಿ ವಾರಗಟ್ಟಲೆ ತಪ್ಪು ಕಡೆ ಹುಡುಕುತ್ತಿದ್ದೆ.

‘ಯುವರ್ ಮ್ಯಾಕ್ ಈಸ್ ಅಪ್ ಟು ಡೇಟ್’

ಅದೇ ಬದಲಾವಣೆ ಇನ್ನೊಂದು ಪರಿಣಾಮವನ್ನೂ ತಂದಿತು. ಸಿಕ್ವೊಯಾದ ಹೊಸ ಭದ್ರತಾ ಅಪ್‌ಡೇಟ್ ಬಂದಿತ್ತು. ನನ್ನ ಸೆಟ್ಟಿಂಗ್ಸ್‌ನಲ್ಲಿ ಮಾತ್ರ ‘ಎಲ್ಲ ಹೊಸದಾಗಿದೆ’ ಅಂತಲೇ ಬರುತ್ತಿತ್ತು. ಇದು ಬಹಳ ಜನರನ್ನು ಕಾಡುವ ತೊಂದರೆ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಐಮ್ಯಾಕ್20,1, ಮ್ಯಾಕ್ ಪ್ರೊ7,1, ಮ್ಯಾಕ್‌ಬುಕ್ ಪ್ರೊ16,1 ಇವೆಲ್ಲ ಅಸಲಿಯಲ್ಲಿ ಟಿ2 ಎಂಬ ಭದ್ರತಾ ಚಿಪ್ ಇರುವ ಮಾಡೆಲ್‌ಗಳು. ಐಮ್ಯಾಕ್19,1ರಲ್ಲಿ ಟಿ2 ಇಲ್ಲ. ಟಿ2 ಇರುವ ಮ್ಯಾಕ್‌ಗೆ ಅಪ್‌ಡೇಟ್ ಕೊಡುವಾಗ ಆಪಲ್ ಆ ಚಿಪ್‌ನ ಗುರುತನ್ನೂ ನೋಡುತ್ತದೆ. ನಮ್ಮ ಪಿಸಿಯಲ್ಲಿ ಟಿ2 ಎಲ್ಲಿಂದ ಬರಬೇಕು? ಬಿಗ್ ಸರ್ 11.3ರಿಂದ ಈಚೆಗೆ, ಟಿ2 ಮಾಡೆಲ್ ಅಂತ ಹೇಳಿಕೊಂಡು ಓಪನ್‌ಕೋರ್‌ನ ಸೆಕ್ಯೂರ್ ಬೂಟ್ ಮಾಡೆಲ್ ಎಂಬ ಸೆಟ್ಟಿಂಗನ್ನು (ಬಯೋಸ್‌ನ ಸೆಕ್ಯೂರ್ ಬೂಟ್ ಅಲ್ಲ) ಆಫ್ ಇಟ್ಟುಕೊಂಡರೆ ಅಪ್‌ಡೇಟ್ ಕಾಣಿಸುವುದೇ ಇಲ್ಲ. ಆನ್ ಇಟ್ಟುಕೊಂಡರೆ ಕಾಣಿಸಬಹುದು. ಆದರೆ ಮುಂದೆ ‘ಫೇಲ್ಡ್ ಟು ಪರ್ಸನಲೈಸ್’ ಅಂತ ನಿಲ್ಲಬಹುದು, ಮುಖ್ಯವಾಗಿ ಸೊನೋಮಾ 14.4ರ ನಂತರ. ಪರ್ಸನಲೈಸ್ ಅಂದರೆ ಆ ಒಂದು ಯಂತ್ರಕ್ಕೆಂದೇ ಆಪಲ್‌ನ ಸರ್ವರ್ ಸಹಿ ಹಾಕಿ ಕೊಡುವುದು. ಇಲ್ಲದ ಚಿಪ್‌ಗೆ ಆ ಸಹಿ ಹೊಂದುವುದಿಲ್ಲ.

ಇದಕ್ಕೆ ದಾರಿ ರೆಸ್ಟ್ರಿಕ್ಟ್‌ಇವೆಂಟ್ಸ್ ಎಂಬ ಕೆಕ್ಸ್ಟ್. ಅದಕ್ಕೆ ರೆವ್‌ಪ್ಯಾಚ್ ಎಂಬ ಬೂಟ್ ಆರ್ಗ್ಯುಮೆಂಟ್‌ನಲ್ಲಿ ಎಸ್‌ಬಿವಿಎಂಎಂ ಅಂತ ಮೌಲ್ಯ ಕೊಟ್ಟರೆ, ಅಪ್‌ಡೇಟ್ ಕೇಳುವಾಗ ಯಂತ್ರ ತನ್ನನ್ನು ವರ್ಚುವಲ್ ಮೆಷಿನ್ ಅಂತ ಹೇಳಿಕೊಳ್ಳುತ್ತದೆ. ವರ್ಚುವಲ್ ಮೆಷಿನ್‌ಗೆ ಟಿ2 ಪ್ರಶ್ನೆ ಇಲ್ಲ. ಅಪ್‌ಡೇಟ್ ಬರುತ್ತದೆ. ನನಗೆ ಇದರಿಂದಲೇ ಬಂತು. ಅದೂ ಬೇಡ ಅಂದರೆ ಪೂರ್ತಿ ಇನ್‌ಸ್ಟಾಲರ್ ಇಳಿಸಿಕೊಂಡು ಓಡಿಸಬಹುದು. 12 ಜಿಬಿಗಿಂತ ಜಾಸ್ತಿ ಇರುತ್ತದೆ, ತಾಳ್ಮೆ ಬೇಕು.

ಅಪ್‌ಡೇಟ್ ಇಳಿಯಿತು, ರೀಸ್ಟಾರ್ಟ್ ಆಯಿತು, ಮತ್ತೆ ಹಳೆಯ ಆವೃತ್ತಿಯೇ ಬಂತು. ಏನೂ ಆಗಿಲ್ಲದ ಹಾಗೆ. ಇದಕ್ಕೆ ಎರಡು ಕಾರಣ ಸಾಮಾನ್ಯ. ಒಂದು, ಓಪನ್‌ಕೋರ್ ಮೆನುವಿನಲ್ಲಿ ‘ಮ್ಯಾಕ್‌ಒಎಸ್ ಇನ್‌ಸ್ಟಾಲರ್’ ಎಂಬ ಹೊಸ ಐಕಾನ್ ಬಂದಿರುತ್ತದೆ. ಅಭ್ಯಾಸಬಲದಿಂದ ನೀವು ಮ್ಯಾಕಿಂಟಾಷ್ ಎಚ್‌ಡಿ ಒತ್ತಿರುತ್ತೀರಿ. ಅಪ್‌ಡೇಟ್ ಒಂದಕ್ಕಿಂತ ಹೆಚ್ಚು ಸಲ ರೀಸ್ಟಾರ್ಟ್ ಆಗುತ್ತದೆ. ಆ ಐಕಾನ್ ಮಾಯವಾಗುವವರೆಗೆ ಪ್ರತಿ ಸಲವೂ ಅದನ್ನೇ ಆರಿಸಬೇಕು. ಎರಡು, ಎನ್‌ವಿರ‍್ಯಾಮ್ ಕೆಲಸ ಮಾಡುತ್ತಿಲ್ಲ. ಮುಂದಿನ ಸಲ ಇನ್‌ಸ್ಟಾಲರ್‌ಗೆ ಹೋಗು ಅಂತ ಮ್ಯಾಕ್‌ಒಎಸ್ ಅಲ್ಲಿ ಬರೆದಿಡುತ್ತದೆ. ಕರೆಂಟ್ ಆರಿಸಿದರೂ ಉಳಿಯಬೇಕಾದ ಬರಹ ಅದು. ಝಡ್390ನಂಥ 300 ಸರಣಿಯ ಬೋರ್ಡ್‌ಗಳಲ್ಲಿ ಎಸ್‌ಎಸ್‌ಡಿಟಿ ಪಿಎಂಸಿ ಎಂಬ ಫೈಲ್ ಇಲ್ಲದಿದ್ದರೆ ಅದು ಉಳಿಯುವುದಿಲ್ಲ. ಝಡ್370ಕ್ಕೆ ಮಾತ್ರ ಅದು ಬೇಡ. ಪರೀಕ್ಷೆ ಸುಲಭ. ಟರ್ಮಿನಲ್‌ನಲ್ಲಿ ಎನ್‌ವಿರ‍್ಯಾಮ್ ಕಮಾಂಡ್‌ನಿಂದ ಯಾವುದಾದರೂ ಹೆಸರಿಗೆ ಒಂದು ಮೌಲ್ಯ ಬರೆಯಿರಿ. ರೀಸ್ಟಾರ್ಟ್ ಮಾಡಿ. ಓದಿ ನೋಡಿ. ಇದ್ದರೆ ಸರಿ.

ಮೊಹರು ಮತ್ತು ತೇಪೆ

ಇನ್ನು ಸಿಸ್ಟಂ ಪ್ಯಾಚ್ ವಿಷಯ. 2020ರ ಬಿಗ್ ಸರ್‌ನಿಂದ ಆಪಲ್ ಸಿಸ್ಟಂ ಭಾಗಕ್ಕೆ ಮೊಹರು ಹಾಕಲು ಶುರು ಮಾಡಿತು. ಪ್ರತಿ ಫೈಲಿಗೂ ಒಂದು ಹ್ಯಾಶ್ (ಅದರೊಳಗಿನದರಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ), ಫೋಲ್ಡರ್‌ಗೆ ಅದರೊಳಗಿನವುಗಳ ಹ್ಯಾಶ್, ಹೀಗೆ ಮೇಲಕ್ಕೆ ಹೋಗುತ್ತಾ ಕೊನೆಗೆ ಒಂದೇ ಹ್ಯಾಶ್. ಅದೇ ಮೊಹರು. ಒಳಗೆ ಒಂದಕ್ಷರ ಬದಲಾದರೂ ಮೊಹರು ಒಡೆಯುತ್ತದೆ. ಯಂತ್ರ ಬೂಟ್ ಆಗುವುದು ಈ ಮೊಹರಾದ ಸ್ನ್ಯಾಪ್‌ಶಾಟ್‌ನಿಂದ.

ಹ್ಯಾಕಿಂಟಾಷ್‌ನವರು ಇದನ್ನು ಯಾಕೆ ಒಡೆಯಬೇಕು? ಬಹಳ ಜನರಿಗೆ ಕಾರಣ ವೈಫೈ. 2023ರ ಸೊನೋಮಾದಲ್ಲಿ ಆಪಲ್ ಹಳೆಯ ಬ್ರಾಡ್‌ಕಾಮ್ ವೈಫೈ ಕಾರ್ಡ್‌ಗಳ ಡ್ರೈವರ್ ತೆಗೆದುಹಾಕಿತು. ನಾವೆಲ್ಲ ‘ಹಾಕಿದ ಕೂಡಲೇ ಓಡುತ್ತದೆ’ ಅಂತ ಹುಡುಕಿ ತಂದಿದ್ದ ಕಾರ್ಡ್‌ಗಳೇ ಅವು. ಈಗ ಓಪನ್‌ಕೋರ್ ಲೆಗಸಿ ಪ್ಯಾಚರ್ ಎಂಬ ಬೇರೆಯ ಉಪಕರಣ ಬಳಸಿ ಹಳೆಯ ಡ್ರೈವರನ್ನು ಸಿಸ್ಟಂ ಭಾಗಕ್ಕೇ ತೇಪೆ ಹಾಕಬೇಕು. ತೇಪೆ ಹಾಕಲು ಮೊಹರು ಒಡೆಯಲೇಬೇಕು, ಸಿಪ್ ಎಂಬ ರಕ್ಷಣೆಯನ್ನು ಸಡಿಲಿಸಲೇಬೇಕು. ಇದು ಸಣ್ಣ ಮಾತಲ್ಲ. ಬ್ಯಾಂಕ್ ಕೆಲಸ ಮಾಡುವ ಯಂತ್ರವಾದರೆ ನಾನಂತೂ ಕೇಬಲ್ ಎಳೆದು ಈಥರ್ನೆಟ್ ಬಳಸುತ್ತೇನೆ, ಮೊಹರು ಮುಟ್ಟುವುದಿಲ್ಲ. ಇಂಟೆಲ್ ವೈಫೈ ಕಾರ್ಡ್ ಇರುವವರಿಗೆ ಐಟಿಎಲ್‌ಡಬ್ಲ್ಯೂಎಂ ಎಂಬ ಕೆಕ್ಸ್ಟ್ ಇದೆ, ಅದಕ್ಕೆ ಮೊಹರು ಒಡೆಯಬೇಕಿಲ್ಲ.

ತೇಪೆ ಹಾಕಿದ ಮೇಲೆ ಎರಡು ವಿಷಯ ಬದಲಾಗುತ್ತವೆ. ಮೊದಲನೆಯದು, ಸಣ್ಣ ಅಪ್‌ಡೇಟ್ ಬರುವುದಿಲ್ಲ. ಸಣ್ಣ ಅಪ್‌ಡೇಟ್ ಅಂದರೆ ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ಮಾತ್ರ. ಹಳೆಯದು ಮೊಹರಿನ ಪ್ರಕಾರ ಇಲ್ಲದಿದ್ದರೆ ವ್ಯತ್ಯಾಸವನ್ನು ಯಾವುದಕ್ಕೆ ಕೂಡಿಸುವುದು? ಹಾಗಾಗಿ ಪೂರ್ತಿ ಸಿಸ್ಟಂ ಇಳಿಯುತ್ತದೆ. ‘ಒಂದು ಜಿಬಿ ಅಪ್‌ಡೇಟ್ ನನಗೆ ಮಾತ್ರ ಹದಿಮೂರು ಜಿಬಿ ಯಾಕೆ?’ ಎಂಬ ಪ್ರಶ್ನೆಗೆ ಉತ್ತರ ಇದೇ. ಎರಡನೆಯದು, ಅಪ್‌ಡೇಟ್ ಆದ ಮೇಲೆ ಸಿಸ್ಟಂ ಭಾಗ ಹೊಚ್ಚ ಹೊಸದು, ತೇಪೆ ಹೋಗಿರುತ್ತದೆ. ವೈಫೈ ಮಾಯ. ಗಾಬರಿಯಾಗಬೇಡಿ, ಏನೂ ಕೆಟ್ಟಿಲ್ಲ. ಪ್ಯಾಚರ್ ಮತ್ತೆ ಓಡಿಸಬೇಕು, ಅಷ್ಟೇ. ಆದರೆ ವೈಫೈ ಇಲ್ಲದೆ ಪ್ಯಾಚರ್ ಇಳಿಸುವುದು ಹೇಗೆ? ಅದಕ್ಕೇ ಅದನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಈಥರ್ನೆಟ್ ಕೇಬಲ್ ಕೈಗೆ ಸಿಗುವಂತಿರಲಿ. ಐಫೋನ್ ಇದ್ದರೆ ಯುಎಸ್‌ಬಿ ಮೂಲಕ ಇಂಟರ್‌ನೆಟ್ ಕೊಡಬಹುದು. ಪ್ಯಾಚರ್ ಕೂಡ ಹೊಸ ಮ್ಯಾಕ್‌ಒಎಸ್‌ಗೆ ಸಿದ್ಧವಾಗಿರಬೇಕು. ಸಿದ್ಧವಾಗುವ ಮೊದಲೇ ಅಪ್‌ಡೇಟ್ ಹಾಕಿಬಿಟ್ಟರೆ ಕಾಯುವುದೊಂದೇ ದಾರಿ.

ತೇಪೆಯೇ ತೊಂದರೆ ಕೊಡುತ್ತಿದೆ ಅನ್ನಿಸಿದರೆ ಪ್ಯಾಚರ್‌ನಲ್ಲಿ ‘ರಿವರ್ಟ್’ ಎಂಬ ಆಯ್ಕೆ ಇದೆ. ಅದು ಕೊನೆಯ ಮೊಹರಾದ ಸ್ನ್ಯಾಪ್‌ಶಾಟ್‌ಗೆ ಕರೆದೊಯ್ಯುತ್ತದೆ. ತೊಂದರೆ ಅಲ್ಲೂ ಇದ್ದರೆ ತಪ್ಪು ತೇಪೆಯದ್ದಲ್ಲ, ಕೆಳಗಿನ ಪದರದಲ್ಲಿ ಹುಡುಕಿ.

ಅಪ್‌ಡೇಟ್ ಬಂದ ದಿನವೇ ಹಾಕಬೇಡಿ ಅಂತ ನಾನು ಹೇಳುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2023ರ ಜುಲೈ 10ರಂದು ವೆಂಚುರಾ 13.4.1ಕ್ಕೆ ಆಪಲ್ ಒಂದು ತುರ್ತು ಭದ್ರತಾ ಪ್ಯಾಚ್ ಬಿಟ್ಟಿತು. ಆವೃತ್ತಿ ಹೆಸರಿನ ಕೊನೆಗೆ ‘ಎ’ ಅಕ್ಷರ. ಆ ಅಕ್ಷರ ಸಫಾರಿಯ ಗುರುತಿನ ಸಾಲಿನಲ್ಲೂ ಸೇರಿಕೊಂಡು ಕೆಲವು ವೆಬ್‌ಸೈಟುಗಳು ಬ್ರೌಸರನ್ನು ಗುರುತಿಸದೇ ಹೋದವು. ಆಪಲ್ ಅದನ್ನು ಹಿಂತೆಗೆದುಕೊಂಡು ಎರಡೇ ದಿನದಲ್ಲಿ ‘ಸಿ’ ಅಕ್ಷರದ ಪ್ಯಾಚ್ ಕೊಟ್ಟಿತು. ಅಸಲಿ ಮ್ಯಾಕ್‌ಗಳಲ್ಲೇ ಹೀಗಾಗುತ್ತದೆ. ನಾವು ನಾಲ್ಕು ದಿನ ಕಾದರೆ ನಷ್ಟವಿಲ್ಲ. ಆದರೆ ತಿಂಗಳುಗಟ್ಟಲೆ ಮುಂದೂಡುವುದು ಬೇರೆ, ಅದು ಅಪಾಯ.

ಸಾಲುಗಳನ್ನು ಓದುವುದು

ಬೂಟ್ ಆಗುವಾಗ ಲೋಗೋ ಬದಲು ಅಕ್ಷರಗಳು ಬರುವಂತೆ ಮಾಡುವುದು ವರ್ಬೋಸ್ ಮೋಡ್. ಬೂಟ್ ಆರ್ಗ್ಯುಮೆಂಟ್‌ಗೆ ಹೈಫನ್ ವಿ ಸೇರಿಸಿದರೆ ಸಾಕು. ಯಂತ್ರ ನಿಂತ ಜಾಗದ ಫೋಟೋ ತೆಗೆಯಿರಿ. ಕೊನೆಯ ಸಾಲೇ ಕಾರಣ ಅಂತ ತಿಳಿಯಬೇಡಿ, ಅದರ ಮೇಲಿನ ಹತ್ತು ಸಾಲು ಓದಿ. ‘ವೇಟಿಂಗ್ ಫಾರ್ ರೂಟ್ ಡಿವೈಸ್’ ಅಂದರೆ ಮ್ಯಾಕ್‌ಒಎಸ್‌ಗೆ ಡಿಸ್ಕ್ ಕಾಣುತ್ತಿಲ್ಲ. ಪೆನ್‌ಡ್ರೈವ್‌ನಿಂದ ಬೂಟ್ ಮಾಡುತ್ತಿದ್ದರೆ ಯುಎಸ್‌ಬಿ ಮ್ಯಾಪ್ ನೋಡಿ, ಒಳಗಿನ ಡಿಸ್ಕ್ ಆದರೆ ಬಯೋಸ್‌ನ ಎಎಚ್‌ಸಿಐ ನೋಡಿ. ‘ಜಿಐಒ ಸ್ಕ್ರೀನ್ ಲಾಕ್’ ಅಂತ ಬಂದು ಕಪ್ಪಾದರೆ ಸಿಸ್ಟಂ ಬಹುತೇಕ ಎದ್ದಿದೆ, ಗ್ರಾಫಿಕ್ಸ್ ಮಾತ್ರ ಕೈಕೊಟ್ಟಿದೆ. ‘ದಿಸ್ ವರ್ಷನ್ ಈಸ್ ನಾಟ್ ಸಪೋರ್ಟೆಡ್ ಆನ್ ದಿಸ್ ಪ್ಲಾಟ್‌ಫಾರ್ಮ್’ ಅಂದರೆ ಗುರುತಿನ ಚೀಟಿ ಹಳೆಯದಾಯಿತು. ರೈಜೆನ್ ಪ್ರೊಸೆಸರ್ ಇರುವವರು ಕರ್ನಲ್ ಪ್ಯಾಚ್‌ಗಳನ್ನು ಹೊಸ ಆವೃತ್ತಿಗೆ ಬದಲಿಸಿದ್ದೀರಾ, ಅದರಲ್ಲಿ ಕೋರ್‌ಗಳ ಸಂಖ್ಯೆ ನಿಮ್ಮ ಪ್ರೊಸೆಸರ್‌ನದೇ ಇದೆಯಾ ಅಂತ ನೋಡಿ.

ಏನೂ ತಿಳಿಯದಿದ್ದರೆ ಓಪನ್‌ಕೋರ್ ಮೆನುವಿನಲ್ಲಿ ಸ್ಪೇಸ್ ಬಾರ್ ಒತ್ತಿ. ಬಚ್ಚಿಟ್ಟ ಐಕಾನ್‌ಗಳು ಬರುತ್ತವೆ. ರೀಸೆಟ್ ಎನ್‌ವಿರ‍್ಯಾಮ್ ಒಮ್ಮೆ ಮಾಡಿ. ಬಯೋಸ್ ಅಥವಾ ಓಪನ್‌ಕೋರ್ ಬದಲಿಸಿದ ಮೇಲೆ ಹಳೆಯ ಮೌಲ್ಯಗಳು ಉಳಿದು ಕಾಟ ಕೊಡುವುದುಂಟು. ಆಮೇಲೆ ಹಳೆಯ ಇಎಫ್‌ಐ ಇರುವ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ. ಅದರಿಂದ ಎದ್ದರೆ ತಪ್ಪು ಹೊಸ ಇಎಫ್‌ಐನಲ್ಲಿದೆ. ಅದರಿಂದಲೂ ಏಳದಿದ್ದರೆ ತಪ್ಪು ಬಯೋಸ್‌ನಲ್ಲಿ ಅಥವಾ ಮ್ಯಾಕ್‌ಒಎಸ್‌ನಲ್ಲಿದೆ. ಎರಡೇ ಬೂಟ್‌ನಲ್ಲಿ ಅರ್ಧ ದಾರಿ ಸವೆಯಿತು.

ದೊಡ್ಡ ಆವೃತ್ತಿಗೆ ಹೋಗುವಾಗ ನಾನು ಈಗಿರುವುದರ ಮೇಲೆ ಹಾಕುವುದೇ ಇಲ್ಲ. ಡಿಸ್ಕ್ ಯುಟಿಲಿಟಿಯಲ್ಲಿ ಎಪಿಎಫ್‌ಎಸ್‌ನ ಇನ್ನೊಂದು ವಾಲ್ಯೂಮ್ ಸೇರಿಸುತ್ತೇನೆ. ಪಾರ್ಟಿಶನ್ ಮಾಡುವಂತೆ ಜಾಗ ಕತ್ತರಿಸಬೇಕಿಲ್ಲ, ಖಾಲಿ ಜಾಗವನ್ನು ಎರಡೂ ಹಂಚಿಕೊಳ್ಳುತ್ತವೆ. ಹೊಸದನ್ನು ಅಲ್ಲಿ ಹಾಕಿ ನೋಡುತ್ತೇನೆ. ಬೇಡವಾದರೆ ಆ ವಾಲ್ಯೂಮ್ ಅಳಿಸಿದರಾಯಿತು.

ಟಾಹೋವನ್ನು ನಾನು ನೋಡುತ್ತಿರುವುದೂ ಹಾಗೆಯೇ. ಇಂಟೆಲ್ ಮ್ಯಾಕ್‌ಗಳಿಗೆ ಅದೇ ಕೊನೆಯ ಆವೃತ್ತಿ ಅಂತ ಆಪಲ್ 2025ರ ಜೂನ್‌ನಲ್ಲೇ ಹೇಳಿದೆ. ಅದರಲ್ಲಿ ಆಪಲ್‌ಎಚ್‌ಡಿಎ ಎಂಬ ಹಳೆಯ ಆಡಿಯೋ ಡ್ರೈವರನ್ನು ತೆಗೆದಿದ್ದಾರೆ, ಆದ್ದರಿಂದ ಆಪಲ್‌ಎಎಲ್‌ಸಿಗೆ ಹಿಡಿದುಕೊಳ್ಳಲು ಏನೂ ಇಲ್ಲ. ಬೋರ್ಡ್‌ನ ಹಿಂದಿನ ಸ್ಪೀಕರ್ ಜ್ಯಾಕ್‌ಗೆ ಜೀವ ಬರಬೇಕಾದರೆ ಮತ್ತೆ ಮೊಹರು ಒಡೆದು ತೇಪೆ ಹಾಕಬೇಕು. ನಾನು ಹಾಕಲಿಲ್ಲ. ಒಂದು ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡ್ ತಂದು ಚುಚ್ಚಿದೆ. ಯುಎಸ್‌ಬಿ ಮ್ಯಾಪ್‌ನಲ್ಲಿ ಅದಕ್ಕೊಂದು ಪೋರ್ಟ್ ಬಿಟ್ಟುಕೊಡಬೇಕಾಯಿತು. ಮುಂದಿನ ಪ್ಯಾನೆಲ್‌ನ ಒಂದನ್ನು ತೆಗೆದು ಹಿಂದಿನದನ್ನು ಸೇರಿಸಿದೆ.